ಡಿಎಲ್ ನಮ್ಮ ಅಪ್ಪನದು, ಅದಕ್ಕೆ ಹಾಕಿದ ಫೋನ್ ನಂಬರ್ ನಿಮ್ಮದು

ಗೆ,
ವ್ಯವಸ್ಥಾಪಕರು,
ಗ್ರಾಹಕರ ದೂರು ವಿಭಾಗ,
ಆನ್‌ಲೈನ್ ಸೇವಾ ಕೇಂದ್ರಗಳ ಮುಖ್ಯ ಕಚೇರಿ,
ಬೆಂಗಳೂರು.

ವಿಷಯ: ಡಿಎಲ್ ರಿನ್ಯೂವಲ್ ಅರ್ಜಿಗೆ ಗ್ರಾಹಕರ ನಂಬರ್ ಬದಲು ನಿಮ್ಮ ದಾವಣಗೆರೆ ಶಾಖೆಯ ನಂಬರ್ ಹಾಕಿ, ಅರ್ಜಿ ವಾಪಸ್ ಬಂದದ್ದನ್ನು ತಿಳಿಸದೆ ಇದ್ದುದರ ಬಗ್ಗೆ ದೂರು.

ಮಾನ್ಯರೇ,

ನಮ್ಮ ತಂದೆಯ ಡ್ರೈವಿಂಗ್ ಲೈಸೆನ್ಸ್ ರಿನ್ಯೂವಲ್ ಕೆಲಸವನ್ನು ನಿಮ್ಮ ದಾವಣಗೆರೆ ಶಾಖೆಗೆ ಒಪ್ಪಿಸಿದ್ದೆವು. ಅಲ್ಲಿಯ ಸಿಬ್ಬಂದಿ ಅರ್ಜಿ ಹಾಕಿದರು, ದುಡ್ಡು ತಗೊಂಡರು. ಆದರೆ ಅರ್ಜಿಯಲ್ಲಿ ಅಪ್ಪನ ಮೊಬೈಲ್ ನಂಬರ್ ಇರಬೇಕಾದ ಕಡೆ ತಮ್ಮ ಶಾಖೆಯ ನಂಬರ್ ತುಂಬಿದರು. ಅರ್ಜಿ ಸಂಖ್ಯೆ ಕೊಡಲಿಲ್ಲ, ಸರ್ಕಾರಿ ಶುಲ್ಕದ ರಸೀದಿಯೂ ಕೊಡಲಿಲ್ಲ. ಆರ್‌ಟಿಓ ಕಚೇರಿಯವರು ಅರ್ಜಿಯಲ್ಲಿ ತಪ್ಪಿದೆ ಎಂದು ವಾಪಸ್ ಕಳಿಸಿದಾಗ ಆ ಮೆಸೇಜ್ ನಿಮ್ಮ ಶಾಖೆಯ ಫೋನಿಗೆ ಹೋಯಿತು. ನಮಗೆ ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಅಪ್ಪನ ಲೈಸೆನ್ಸ್ ಅವಧಿ ಮುಗಿದೇ ಹೋಯಿತು.

ನಮ್ಮ ತಂದೆ ಲಗೇಜ್ ಗಾಡಿ ಓಡಿಸುತ್ತಾರೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ಹರಿಹರ, ಚಿತ್ರದುರ್ಗದ ಅಂಗಡಿಗಳಿಗೆ ಮಂಡಕ್ಕಿ ಚೀಲ ಸಾಗಿಸುವುದು ಅವರ ಕೆಲಸ. ಗಾಡಿ ಸ್ವಂತದ್ದು, ಸಾಲ ಇನ್ನೂ ತೀರಿಲ್ಲ. ವಯಸ್ಸು 58. ಅವರಿಗೆ ಡಿಎಲ್ ಅಂದರೆ ಜೇಬಲ್ಲಿ ಇಟ್ಟುಕೊಳ್ಳುವ ಗುರುತಿನ ಚೀಟಿ ಮಾತ್ರ ಅಲ್ಲ, ಅನ್ನದ ದಾರಿ. ಅದಕ್ಕೇ ಅವಧಿ ಮುಗಿಯುವ ಎಷ್ಟೋ ಮೊದಲೇ ನಿಮ್ಮ ಕೌಂಟರ್‌ಗೆ ಹೋಗಿದ್ದರು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅವಧಿ ಮುಗಿಯುವುದಕ್ಕೆ ಒಂದು ವರ್ಷ ಇರುವಾಗಲೇ ರಿನ್ಯೂವಲ್‌ಗೆ ಅರ್ಜಿ ಹಾಕಬಹುದು. ಕೊನೇ ಗಳಿಗೆಯಲ್ಲಿ ಓಡಿ ಬಂದರು ಎಂದು ಅವರ ಮೇಲೆ ಹಾಕಲು ನಿಮಗೆ ಅವಕಾಶವಿಲ್ಲ.

ಬಾಡಿಗೆ ಗಾಡಿ ಓಡಿಸುವವರ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಮೊದಲು 3 ವರ್ಷಕ್ಕೆ ಸಿಗುತ್ತಿತ್ತು, ಆ ತಿದ್ದುಪಡಿ ಬಂದ ಮೇಲೆ 5 ವರ್ಷಕ್ಕೆ ಸಿಗುತ್ತಿದೆ. ಇದು ಡ್ರೈವರ್‌ಗಳಿಗೆ ಒಳ್ಳೆಯದೇ ಆಯಿತು. ಆದರೆ ಅದೇ ತಿದ್ದುಪಡಿಯಲ್ಲಿ ಇನ್ನೊಂದು ಅನುಕೂಲ ಹೋಯಿತು. ಹಿಂದೆ ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ನಡೆಯುತ್ತಿತ್ತು. ಈಗ ಆ 30 ದಿನ ಇಲ್ಲ. ಅವಧಿ ಮುಗಿದ ಮರುದಿನದಿಂದಲೇ ಸ್ಟೇರಿಂಗ್ ಹಿಡಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆ. ದಂಡ ಒಂದು ಕಡೆ ಇರಲಿ. ಅಂಥ ಹೊತ್ತಿನಲ್ಲಿ ಯಾರಿಗಾದರೂ ಗಾಡಿ ತಾಗಿದರೆ ಇನ್ಶೂರೆನ್ಸ್ ಕಂಪನಿ ಡ್ರೈವರ್‌ಗೆ ಲೈಸೆನ್ಸ್ ಇರಲಿಲ್ಲ ಅನ್ನುವುದನ್ನೇ ಹಿಡಿದುಕೊಳ್ಳುತ್ತದೆ. ಆಮೇಲೆ ಇಡೀ ಮನೆ ಕೋರ್ಟು ಅಲೆಯಬೇಕು. ಅಪ್ಪ ಏನೂ ಗೊತ್ತಿಲ್ಲದೆ ಆ ಸ್ಥಿತಿಯಲ್ಲಿ ಹೈವೇ ಮೇಲೆ ಗಾಡಿ ಓಡಿಸಿದ್ದಾರೆ. ನಿಮ್ಮ ಶಾಖೆಯವರು "ಅರ್ಜಿ ಪಾಸಾಗಿದೆ, ಕಾರ್ಡ್ ಪೋಸ್ಟಲ್ಲಿ ಬರುತ್ತೆ" ಎಂದು ಫೋನಿನಲ್ಲಿ ಹೇಳಿದ್ದನ್ನು ನಂಬಿ ಓಡಿಸಿದ್ದಾರೆ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪಾಸಾಗಿರಲಿಲ್ಲ ಎಂದು ಗೊತ್ತಾಗಿದ್ದು ಹರಿಹರದ ಹತ್ತಿರ ಪೊಲೀಸರು ಗಾಡಿ ನಿಲ್ಲಿಸಿ ತಪಾಸಣೆ ಮಾಡಿದಾಗ. ಅವರು ತಮ್ಮ ಮೆಷಿನ್‌ನಲ್ಲಿ ಡಿಎಲ್ ನಂಬರ್ ಹಾಕಿ ನೋಡಿ, "ಯಜಮಾನ್ರೇ, ನಿಮ್ಮದು ರಿನ್ಯೂವಲ್ ಆಗಿಲ್ಲ" ಅಂದರು. ಮೊದಲು ಲೈಸೆನ್ಸ್ ಸರಿ ಮಾಡಿಸಿಕೊಳ್ಳಿ ಎಂದು ಹೇಳಿ ಕಳಿಸಿದರು. ಅವರು ಒಳ್ಳೆಯವರು, ನಮ್ಮ ಪುಣ್ಯ. ಬೇರೆ ಕಡೆ ಸಿಕ್ಕಿದ್ದರೆ ಗಾಡಿ ಸ್ಟೇಷನ್ನಿನಲ್ಲೇ ನಿಲ್ಲುತ್ತಿತ್ತು.

ಆಮೇಲೆ ನಾನೇ ಅಪ್ಪನನ್ನು ಕರೆದುಕೊಂಡು ಆರ್‌ಟಿಓ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತರು ಡಿಎಲ್ ನಂಬರ್, ಹುಟ್ಟಿದ ದಿನಾಂಕ ಕೇಳಿ ಅರ್ಜಿಯನ್ನು ತೆಗೆದರು. ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ನೋಡಿದರೆ ಫಾರಂ 1ಎ ಸರಿಯಾಗಿಲ್ಲ ಎಂದು ಬರೆದು ಅರ್ಜಿ ಯಾವತ್ತೋ ವಾಪಸ್ ಹೋಗಿತ್ತು. 40 ದಾಟಿದವರಿಗೂ ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೂ ಡಾಕ್ಟರ್ ಕೊಡುವ ಈ ಮೆಡಿಕಲ್ ಸರ್ಟಿಫಿಕೇಟ್ ಬೇಕೇ ಬೇಕು. ಅಪ್ಪ ಅದನ್ನು ನಾಮಕಾವಾಸ್ತೆ ಮಾಡಿಸಿದ್ದಲ್ಲ. ಡಾಕ್ಟರ್ ಹತ್ತಿರ ಹೋಗಿ ದೂರದ ನಂಬರ್ ಪ್ಲೇಟ್ ಓದಿ ತೋರಿಸಿ, ಕೆಂಪು ಹಸಿರು ಬಣ್ಣ ಗುರುತಿಸಿ, ಕಿವಿ ಪರೀಕ್ಷೆ ಮಾಡಿಸಿ ಸಹಿ ಹಾಕಿಸಿಕೊಂಡು ಬಂದಿದ್ದರು. ಮೂಲ ಕಾಗದ ಈಗಲೂ ನಮ್ಮ ಹತ್ತಿರ ಇದೆ, ಸ್ಪಷ್ಟವಾಗಿದೆ. ನಿಮ್ಮವರು ಅಪ್‌ಲೋಡ್ ಮಾಡಿದ ಪ್ರತಿ ನೋಡಿ. ಕಾಗದವನ್ನು ಮೇಜಿನ ಮೇಲೆ ಓರೆಯಾಗಿ ಇಟ್ಟು ಫೋನಿನಲ್ಲಿ ಫೋಟೋ ಹೊಡೆದಿದ್ದಾರೆ. ಕೆಳಗಿನ ಅಂಚು ಕತ್ತರಿಸಿ ಹೋಗಿದೆ. ಡಾಕ್ಟರ್ ಸೀಲು ಅರ್ಧ ಮಾತ್ರ ಕಾಣುತ್ತದೆ, ಅವರ ನೋಂದಣಿ ಸಂಖ್ಯೆಯ ಕೊನೆಯ ಅಂಕಿಗಳು ಇಲ್ಲವೇ ಇಲ್ಲ. ಅಪ್ಪನ ಫೋಟೋ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಮುಖವೇ ಬೆಳ್ಳಗಾಗಿದೆ. ಇಂಥದ್ದನ್ನು ಯಾವ ಅಧಿಕಾರಿ ಒಪ್ಪಿಕೊಳ್ಳುತ್ತಾರೆ? ವಾಪಸ್ ಕಳಿಸಿದ್ದು ಸರಿಯೇ. ಹಾಗಾಗಿ ಈ ದೂರು ಆರ್‌ಟಿಓ ಕಚೇರಿಯ ಮೇಲೆ ಅಲ್ಲ. "ಎಲ್ಲ ಆರ್‌ಟಿಓದಲ್ಲೇ ಲೇಟು" ಎಂದು ನಿಮ್ಮ ಶಾಖೆಯವರು ನಮಗೆ ಹೇಳುತ್ತಾ ಬಂದದ್ದು ಸುಳ್ಳು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಸರಿಯಾದ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿಕೊಂಡು ಮನೆಯಲ್ಲೇ ಮತ್ತೆ ಅಪ್‌ಲೋಡ್ ಮಾಡಲು ಕೂತೆ. ಅರ್ಜಿ ಸಂಖ್ಯೆ ಆರ್‌ಟಿಓದಲ್ಲಿ ಬರೆದುಕೊಂಡು ಬಂದಿದ್ದೆ. ಹುಟ್ಟಿದ ದಿನಾಂಕವೂ ಇತ್ತು. ಆದರೆ ಓಟಿಪಿ ಅಪ್ಪನ ಫೋನಿಗೆ ಬರಲಿಲ್ಲ. ಅಪ್ಪನ ಲೈಸೆನ್ಸಿನ ಓಟಿಪಿಗಾಗಿ ಅಪ್ಪನೇ ನಿಮ್ಮ ಕೌಂಟರ್ ಮುಂದೆ ನಿಂತು ಕೇಳಬೇಕಾಯಿತು.

ನಾನೂ ಜೊತೆಗಿದ್ದೆ. ಕೌಂಟರ್ ಗಾಜಿನ ಹಿಂದೆ ಚಾರ್ಜರ್‌ಗೆ ಹಾಕಿದ ಒಂದು ಹಳೇ ಫೋನ್ ಇತ್ತು. ಹಿಂಬದಿಗೆ ಬಿಳಿ ಪ್ಲಾಸ್ಟರ್ ಅಂಟಿಸಿ ಅದರ ಮೇಲೆ ಪೆನ್ನಿನಲ್ಲಿ ನಂಬರ್ ಬರೆದಿದ್ದರು. ನಾವು ನಿಂತಿದ್ದಾಗಲೇ ಅದರಲ್ಲಿ ಒಂದರ ಹಿಂದೆ ಒಂದು ಮೆಸೇಜ್ ಬರುತ್ತಿದ್ದವು. ಪರದೆ ಲಾಕ್ ಕೂಡ ಇರಲಿಲ್ಲ, ಗಾಜಿನ ಈಚೆಯಿಂದಲೇ ಓದಬಹುದಿತ್ತು. ಯಾರದೋ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಅರ್ಜಿ, ಯಾರದೋ ಆರ್‌ಸಿ, ಯಾರದೋ ಓಟಿಪಿ. ಅಲ್ಲಿದ್ದ ಹುಡುಗ ಅದನ್ನು ತೆಗೆದು, ಅಪ್ಪನ ಓಟಿಪಿ ಹುಡುಕಲು ಮೆಸೇಜುಗಳನ್ನು ಉದ್ದಕ್ಕೂ ಮೇಲಕ್ಕೆ ತಳ್ಳುತ್ತಾ ಹೋದ. ಅದೇ ಸಾಲಿನಲ್ಲಿ ಅಪ್ಪನ ಅರ್ಜಿ ವಾಪಸ್ ಆದ ಮೆಸೇಜೂ ಬಿದ್ದಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ದಿನಾ ನೂರಾರು ಬರ್ತವೆ ಅಕ್ಕ, ಯಾವುದು ಅಂತ ನೋಡೋದು" ಅಂದ. ನಮ್ಮ ನಂಬರ್ ಯಾಕೆ ಹಾಕಲಿಲ್ಲ ಎಂದರೆ, "ಕಸ್ಟಮರ್‌ಗೆ ಓಟಿಪಿ ಕೇಳ್ತಾ ಕೂತ್ರೆ ಕೆಲಸ ಆಗಲ್ಲ, ಎಲ್ಲಾ ಶಾಖೆಯಲ್ಲೂ ಹೀಗೇ ಮಾಡೋದು" ಎಂಬ ಉತ್ತರ ಬಂತು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿಕೊಟ್ಟ ಹಾಗೆ ಮಾಡುತ್ತಿದ್ದಾನೆ. ಅವನನ್ನು ಕೆಲಸದಿಂದ ತೆಗೆದು ಕೈ ತೊಳೆದುಕೊಳ್ಳಬೇಡಿ. ಎಲ್ಲಾ ಶಾಖೆಯಲ್ಲೂ ಹೀಗೇ ಅನ್ನುವುದಾದರೆ ಇದು ನೀವು ಉತ್ತರ ಕೊಡಬೇಕಾದ ಮಾತು. ಆ ಫೋನಿನಲ್ಲಿ ಇರುವುದು ಡ್ರೈವರ್‌ಗಳ, ರೈತರ, ವಯಸ್ಸಾದವರ ದಾಖಲೆಗಳ ಕೀಲಿಕೈ. ಲೈಸೆನ್ಸಿಗೆ ಯಾವ ನಂಬರ್ ಜೋಡಿಸಿದೆಯೋ ಅದಕ್ಕೇ ಮುಂದೆಯೂ ಓಟಿಪಿ ಬರುತ್ತದೆ. ವಿಳಾಸ ಬದಲಾವಣೆಯಾಗಲಿ, ಡೂಪ್ಲಿಕೇಟ್ ಆಗಲಿ, ಇನ್ನು 5 ವರ್ಷದ ಮೇಲೆ ಮತ್ತೆ ರಿನ್ಯೂವಲ್ ಆಗಲಿ, ಪ್ರತಿ ಸಲವೂ ಅವರು ನಿಮ್ಮ ಕೌಂಟರ್‌ಗೇ ಬರಬೇಕು. ಆ ಸಿಮ್ ಬಂದ್ ಆದರೆ? ಅದು ಬೇರೆಯವರ ಕೈಗೆ ಹೋದರೆ? ಆಧಾರ್ ಪ್ರತಿ, ಫೋಟೋ, ಸಹಿ ಎಲ್ಲವೂ ನಿಮ್ಮ ಶಾಖೆಯ ಅದೇ ಕಂಪ್ಯೂಟರ್‌ನಲ್ಲಿ ಇವೆ. ಯಾರ ಹೆಸರಲ್ಲಿ ಏನು ಬೇಕಾದರೂ ಮಾಡಬಹುದು, ಅಲ್ವಾ?

ನಿಮ್ಮಂಥ ಕೇಂದ್ರಗಳು ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಲೈಸೆನ್ಸ್ ಅರ್ಜಿ ಹಾಕುವ ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ ಕೂತು ಅರ್ಜಿ ತುಂಬುವುದು ಅಪ್ಪನಂಥವರಿಗೆ ಕಷ್ಟ. ಫೋಟೋ ಇಷ್ಟೇ ಕೆಬಿ ಇರಬೇಕು, ಸಹಿ ಇಷ್ಟೇ ಇರಬೇಕು ಅನ್ನುವುದನ್ನು ಅವರು ಎಲ್ಲಿ ಮಾಡುತ್ತಾರೆ? ಭಟ್ಟಿಯ ಹತ್ತಿರ ಗಾಡಿ ನಿಲ್ಲಿಸುವ ಡ್ರೈವರ್‌ಗಳೆಲ್ಲ ನಿಮ್ಮಂಥ ಕೇಂದ್ರಗಳನ್ನೇ ನಂಬಿದ್ದಾರೆ. ಸಹಾಯ ಮಾಡಿ, ಅದಕ್ಕೆ ದುಡ್ಡು ತಗೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಎಷ್ಟು, ಯಾತಕ್ಕೆ ಎಂದು ಹೇಳಿ ತಗೊಳ್ಳಿ. ರಿನ್ಯೂವಲ್‌ಗೆ ಕೇಂದ್ರ ಮೋಟಾರು ವಾಹನ ನಿಯಮದಲ್ಲಿರುವ ಶುಲ್ಕ 200 ರೂಪಾಯಿ. ಸ್ಮಾರ್ಟ್ ಕಾರ್ಡಿಗೆ ಇನ್ನೊಂದು 200. ನಿಮ್ಮ ಶಾಖೆಯಲ್ಲಿ ಅಪ್ಪ ಕೊಟ್ಟಿದ್ದು 1,800. ಕೊಟ್ಟಿದ್ದಕ್ಕೆ ಇರುವ ದಾಖಲೆ ಒಂದು ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದ "ಡಿಎಲ್ – ಪೇಯ್ಡ್" ಎಂಬ ಎರಡು ಪದ. ರಸೀದಿ ಕೇಳಿದರೆ "ಯಜಮಾನ್ರೇ, ನಿಮಗ್ಯಾಕೆ ಅದೆಲ್ಲ, ಮನೆಗೇ ಬರುತ್ತೆ" ಎಂದರಂತೆ. ಸೇವೆ ಕೊಟ್ಟು ಬಿಲ್ ಕೊಡದೇ ಇರುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ.

ಅರ್ಜಿ ಸಂಖ್ಯೆ ಕೊಡದಿರುವುದೂ ಸಣ್ಣ ವಿಷಯ ಅಲ್ಲ. ಆ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಇದ್ದರೆ ಯಾರ ಹಂಗೂ ಇಲ್ಲದೆ ಅರ್ಜಿ ಎಲ್ಲಿದೆ ಎಂದು ನೋಡಬಹುದು. ನಮಗೆ ಅದು ಮೊದಲೇ ಸಿಕ್ಕಿದ್ದರೆ ವಾಪಸ್ ಆದ ವಾರದಲ್ಲೇ ಗೊತ್ತಾಗುತ್ತಿತ್ತು, ಲೈಸೆನ್ಸ್ ಅವಧಿ ಮುಗಿಯುವ ಮೊದಲೇ ಸರಿಯಾಗುತ್ತಿತ್ತು. ಅವಧಿ ಮುಗಿದು ಒಂದು ವರ್ಷ ದಾಟಿದರಂತೂ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ಹೀಗೆ ನಿಮ್ಮನ್ನು ನಂಬಿ ಸುಮ್ನೆ ಕಾಯುತ್ತಾ ಕೂತವರು ಇನ್ನೆಷ್ಟು ಜನ ಇದ್ದಾರೋ.

ಈಗ ಅಪ್ಪನ ರಿನ್ಯೂವಲ್ ಆಗಿದೆ. ದಾಖಲೆಗಳನ್ನು ಫೋನಿನಲ್ಲೇ ತೋರಿಸುವ ಸರ್ಕಾರದ ಡಿಜಿಲಾಕರ್‌ನಲ್ಲಿ ಹೊಸ ಅವಧಿ ಕಾಣಿಸುತ್ತಿದೆ, ಅದನ್ನು ತೋರಿಸಿದರೆ ಕಾನೂನಿನ ಪ್ರಕಾರ ನಡೆಯುತ್ತದೆ. ಅಷ್ಟು ದಿನ ಗಾಡಿ ನಿಲ್ಲಿಸಿದರೆ ಭಟ್ಟಿಯವರು ಬೇರೆ ಗಾಡಿ ನೋಡಿಕೊಳ್ಳುತ್ತಾರೆ ಎಂದು ದಿನಗೂಲಿಗೆ ಇನ್ನೊಬ್ಬ ಡ್ರೈವರ್ ಇಟ್ಟು ಓಡಿಸಿದೆವು. ಅಪ್ಪ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಿದ್ದರು.

ನಮ್ಮ ಬೇಡಿಕೆ ಇಷ್ಟು. ಅಪ್ಪನ ಡಿಎಲ್ ದಾಖಲೆಯಲ್ಲಿರುವ ನಿಮ್ಮ ನಂಬರ್ ತೆಗೆಸಿ ಅಪ್ಪನ ನಂಬರ್ ಸೇರಿಸಲು ಬೇಕಾದ ಓಟಿಪಿ, ಒಪ್ಪಿಗೆ ಎಲ್ಲವನ್ನೂ ನೀವೇ ಮುಂದೆ ನಿಂತು ಕೊಡಿ. ಸರ್ಕಾರಿ ಶುಲ್ಕ ಬಿಟ್ಟು ಉಳಿದ ಹಣ ಮತ್ತು ಬದಲಿ ಡ್ರೈವರ್‌ಗೆ ಕೊಟ್ಟ ಕೂಲಿ ವಾಪಸ್ ಮಾಡಿ. ಕೂಲಿಯ ಲೆಕ್ಕ, ಮೂಲ ಫಾರಂ 1ಎ ಪ್ರತಿ, ನಿಮ್ಮವರು ಅಪ್‌ಲೋಡ್ ಮಾಡಿದ ಪ್ರತಿ, ಆ ವಿಸಿಟಿಂಗ್ ಕಾರ್ಡಿನ ಫೋಟೋ ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ಕಂಪ್ಯೂಟರ್‌ನಲ್ಲಿರುವ ಅಪ್ಪನ ಆಧಾರ್ ಮತ್ತು ಸಹಿಯ ಪ್ರತಿಗಳನ್ನು ಅಳಿಸಿ, ಅಳಿಸಿದ್ದೇವೆ ಎಂದು ಬರೆದು ಕೊಡಿ.

ಇದಕ್ಕಿಂತ ಹೆಚ್ಚಿನದು ಇನ್ನೊಂದಿದೆ. ಆ ಫೋನಿನಲ್ಲಿರುವ ಎಲ್ಲಾ ಗ್ರಾಹಕರಿಗೂ ಕರೆ ಮಾಡಿಸಿ. ಯಾರ ಅರ್ಜಿ ವಾಪಸ್ ಬಂದಿದೆ, ಯಾರದು ಬಾಕಿ ಇದೆ ಎಂದು ಅವರಿಗೆ ತಿಳಿಸಿ. ಅವರಲ್ಲಿ ಅಪ್ಪನ ಹಾಗೆ ಅವಧಿ ಮುಗಿದದ್ದು ಗೊತ್ತಿಲ್ಲದೆ ಇವತ್ತೂ ಗಾಡಿ ಓಡಿಸುತ್ತಿರುವವರು ಇರಬಹುದು. ಈ ಕೆಲಸ ನಮ್ಮ ದುಡ್ಡು ವಾಪಸ್ ಮಾಡುವುದಕ್ಕಿಂತ ಮೊದಲು ಆಗಲಿ. ಇನ್ನು ಮುಂದೆ ಪ್ರತಿ ಅರ್ಜಿಗೂ ಗ್ರಾಹಕರ ನಂಬರನ್ನೇ ಹಾಕಿ. ಸ್ವಂತ ಫೋನ್ ಇಲ್ಲದವರಿದ್ದರೆ ಮನೆಯವರ ನಂಬರ್ ಕೇಳಿ. ಅರ್ಜಿ ಸಂಖ್ಯೆ ಇರುವ ಪ್ರಿಂಟ್ ಕೈಗೆ ಕೊಡಿ. ಸರ್ಕಾರಿ ಶುಲ್ಕ ಎಷ್ಟು, ನಿಮ್ಮ ಸರ್ವಿಸ್ ಚಾರ್ಜ್ ಎಷ್ಟು ಎಂದು ಕೌಂಟರ್ ಮುಂದೆ ಕನ್ನಡದಲ್ಲಿ ಬೋರ್ಡ್ ಹಾಕಿ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇವೆ. 5 ಲಕ್ಷದೊಳಗಿನ ಪ್ರಕರಣಗಳಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳದೆ ನಾವೇ ಮಾತಾಡಬಹುದು. ಒಂದೇ ನಂಬರಿನಿಂದ ಎಷ್ಟು ಜನರ ಅರ್ಜಿಗಳು ಹೋಗಿವೆ ಎಂದು ಪರಿಶೀಲಿಸುವಂತೆ ಸಾರಿಗೆ ಇಲಾಖೆಗೂ ಪ್ರತ್ಯೇಕವಾಗಿ ಬರೆಯುತ್ತೇನೆ.

ಉತ್ತರವನ್ನು ಅಪ್ಪನ ಹೆಸರಿಗೇ ಕಳಿಸಿ. ಫೋನ್ ಮಾಡುವುದಾದರೂ ಅವರ ನಂಬರಿಗೇ ಮಾಡಿ, ಪತ್ರದ ಹಿಂಬದಿಯಲ್ಲಿ ಬರೆದಿದ್ದೇನೆ.

ಇಂತಿ,
ನಿಮ್ಮ ಗ್ರಾಹಕರ ಪರವಾಗಿ ಅವರ ಮಗಳು,
ದಾವಣಗೆರೆ.