ಓವನ್ನಿನಲ್ಲಿಟ್ಟ ಬಾಣಲೆಗಳನ್ನು ಮೊದಲು ಹೊರಗೆ ತೆಗೆ

ಪ್ರಿಯ ಗೆಳೆಯಾ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸುವುದು ನನಗೆ ಸರಿ ಕಾಣಲಿಲ್ಲ. ನಿನ್ನ ಹೆಂಡತಿಗೆ, ಅಂದರೆ ನನ್ನ ತಂಗಿಗೆ, ಆಸ್ಪತ್ರೆಯಲ್ಲಿ ರಾತ್ರಿ ಎಂಟರವರೆಗೆ ಪಾಳಿ. ಮಕ್ಕಳು ಮೂರೂವರೆಗೆ ಶಾಲೆ ಬಿಟ್ಟು ಬರುತ್ತಾರೆ. ನವೆಂಬರ್ ಬಂತೆಂದರೆ ನಾಟಿಂಗ್‌ಹ್ಯಾಮ್‌ನಲ್ಲಿ ನಾಲ್ಕೂಕಾಲರ ಹೊತ್ತಿಗೆಲ್ಲ ಕತ್ತಲು. ಗೋದಾಮಿನ ಕೆಲಸ ಮುಗಿಸಿ ಬಂದ ನೀನು ಒಂದು ಒಲೆಯಲ್ಲಿ ಅನ್ನ, ಇನ್ನೊಂದರಲ್ಲಿ ಸಾರು, ಮತ್ತೊಂದರಲ್ಲಿ ಪಲ್ಯ ಎಂದು ನಿಂತರೆ ಊಟಕ್ಕೆ ಕೂರುವ ಹೊತ್ತಿಗೆ ಮಕ್ಕಳು ಬಿಸ್ಕತ್ತು ತಿಂದು ಹೊಟ್ಟೆ ತುಂಬಿಸಿಕೊಂಡಿರುತ್ತಾರೆ. ತಂಗಿ ಬಂದಾಗ ಅವಳ ಪಾಲಿಗೆ ಆರಿದ ಅನ್ನ. ‘ದಿನವೂ ಇದೇ ಪಾಡು, ಏನು ಮಾಡಲಿ?’ ಎಂದೆಯಲ್ಲ, ವಾರಕ್ಕೆ ಒಂದೆರಡು ದಿನವಾದರೂ ಒಲೆ ಹಚ್ಚಬೇಡ, ಅದರ ಕೆಳಗಿರುವ ಓವನ್ ಹಚ್ಚು ಎನ್ನುತ್ತೇನೆ.

ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಓವನ್ ಇದ್ದೇ ಇರುತ್ತದೆ. ನಮ್ಮವರ ಮನೆಗಳಲ್ಲಿ ಅದರೊಳಗೆ ದೋಸೆ ಹಂಚು, ಬಾಣಲೆ, ಕುಕ್ಕರಿನ ಮುಚ್ಚಳ ಕೂತಿರುತ್ತವೆ. ಊರಿನ ಅಡುಗೆಮನೆಯಲ್ಲಿ ಇಲ್ಲದ ಸಾಧನ, ಕೈ ಓಡುವುದಿಲ್ಲ, ಸಹಜ. ಆದರೆ ದಣಿದು ಬಂದವನಿಗೆ ಅದರಷ್ಟು ನೆರವಾಗುವ ಸಾಧನ ಈ ಮನೆಯಲ್ಲಿ ಮತ್ತೊಂದಿಲ್ಲ. ಒಲೆಯ ಮೇಲಿನ ಅಡುಗೆ ಆಳನ್ನು ಬೇಡುತ್ತದೆ. ಕಲಕಬೇಕು, ಉರಿ ತಗ್ಗಿಸಬೇಕು, ಸೀಯದಂತೆ ನೋಡಬೇಕು. ಓವನ್ನಿಗೆ ಟ್ರೇ ಇಟ್ಟು ಬಾಗಿಲು ಮುಚ್ಚಿದ ಮೇಲೆ ಮುಕ್ಕಾಲು ಗಂಟೆ ನಿನ್ನದು. ಆ ಹೊತ್ತಿನಲ್ಲಿ ದೊಡ್ಡವಳ ಮಗ್ಗಿ ಕೇಳಬಹುದು, ಚಿಕ್ಕವನಿಗೆ ಸ್ನಾನ ಮಾಡಿಸಬಹುದು, ಅಥವಾ ಸುಮ್ಮನೆ ಕಾಲು ಚಾಚಿ ಕೂರಬಹುದು. ಇನ್ನೊಂದು ಅನುಕೂಲವೂ ಇದೆ. ಕಿಟಕಿ ತೆರೆಯಲಾಗದ ಚಳಿಯಲ್ಲಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಾಂ ಅರಚಿಕೊಳ್ಳುತ್ತದೆ, ಬಾಗಿಲ ಹಿಂದೆ ನೇತುಹಾಕಿದ ಕೋಟುಗಳಿಗೆಲ್ಲ ಘಾಟು ಹತ್ತುತ್ತದೆ. ಓವನ್ ಒಳಗೆ ಶುಚಿಯಾಗಿದ್ದರೆ ಈ ರಗಳೆ ಬಹುತೇಕ ಇಲ್ಲ.

ಮೊದಲು ಕೋಳಿಯ ಮಾತು. ಸೂಪರ್‌ಮಾರ್ಕೆಟ್ಟಿನಲ್ಲಿ ಕೈ ತಾನಾಗಿ ಎದೆಯ ಭಾಗದ ಪ್ಯಾಕೆಟ್ಟಿಗೆ ಹೋಗುತ್ತದೆ, ಮೂಳೆ ಇಲ್ಲ, ಚರ್ಮ ಇಲ್ಲ, ನೋಡಲು ಚೆಂದ. ಅದನ್ನು ಅಲ್ಲೇ ಬಿಡು. ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆ, ಐದು ನಿಮಿಷ ಹೆಚ್ಚಾದರೂ ಒಣಗಿ ನಾರಾಗುತ್ತದೆ. ಚರ್ಮ, ಮೂಳೆ ಎರಡೂ ಇರುವ ತೊಡೆಯ ತುಂಡುಗಳನ್ನು ಕೊಂಡುಕೊ. ಬೆಲೆಯೂ ಎದೆಯ ಮಾಂಸಕ್ಕಿಂತ ಕಡಿಮೆ. ಹತ್ತು ನಿಮಿಷ ಹೆಚ್ಚು ಬೆಂದರೆ ತೊಡೆ ಹಾಳಾಗುವುದಿಲ್ಲ, ಇನ್ನೂ ಮೆತ್ತಗಾಗುತ್ತದೆ. ಅದರಲ್ಲಿರುವ ಕೊಲಾಜನ್ ಎಂಬ ನಾರಿನಂಥ ಪ್ರೋಟೀನು ನಿಧಾನಕ್ಕೆ ಕರಗಿ ಮಾಂಸಕ್ಕೆ ರಸ ಕೊಡುತ್ತದೆ. ಮಕ್ಕಳ ಜಗಳ ಬಿಡಿಸಲು ನೀನು ಎದ್ದು ಹೋದರೂ ಊಟ ಕೆಡುವುದಿಲ್ಲ. ಚರ್ಮ ಬೇಡ ಎನ್ನಬೇಡ. ನಮ್ಮ ಊರುಗಳಲ್ಲಿ ನಾಟಿ ಕೋಳಿಯ ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಸವರಿ ಚರ್ಮದ ಸಮೇತವೇ ಕತ್ತರಿಸುತ್ತಾರಲ್ಲ, ಆ ರುಚಿ ಗೊತ್ತಿರುವವನು ನೀನು. ಇಲ್ಲಿ ಅದೇ ಚರ್ಮ ತನ್ನ ಕೊಬ್ಬನ್ನು ಕರಗಿಸಿ ಕೆಳಗಿನ ತರಕಾರಿಗೆ ಇಳಿಸುತ್ತದೆ, ತಾನು ಗರಿಗರಿಯಾಗುತ್ತದೆ.

ಒಂದು ವಿಷಯದಲ್ಲಿ ಅಮ್ಮನ ಮಾತನ್ನು ಮೀರು. ಕೋಳಿಯನ್ನು ಸಿಂಕಿನಲ್ಲಿ ತೊಳೆಯಬೇಡ. ಊರಿನಲ್ಲಿ ಕಣ್ಣೆದುರೇ ಕತ್ತರಿಸಿ ಕೊಟ್ಟ ಕೋಳಿಗೆ ತೊಳೆಯುವುದು ಬೇಕಿತ್ತು. ಇಲ್ಲಿ ಪ್ಯಾಕೆಟ್ಟಿನಲ್ಲಿ ಬರುವುದು ಶುಚಿ ಮಾಡಿಯೇ ಬಂದಿರುತ್ತದೆ. ಹಸಿ ಕೋಳಿಯಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅನೇಕ ವೇಳೆ ಇರುತ್ತದೆ. ಈ ದೇಶದಲ್ಲಿ ಬ್ಯಾಕ್ಟೀರಿಯಾದಿಂದ ಆಗುವ ಆಹಾರ ವಿಷಬಾಧೆಗೆ ಅತಿ ಸಾಮಾನ್ಯ ಕಾರಣ ಅದೇ. ನಲ್ಲಿಯ ನೀರು ಬಿದ್ದಾಗ ಹಾರುವ ಹನಿಗಳೊಂದಿಗೆ ಅದು ಪಕ್ಕದ ತಟ್ಟೆ, ಲೋಟ, ಸೌತೆಕಾಯಿಯ ಮೇಲೆಲ್ಲ ಕೂರುತ್ತದೆ. ಇಲ್ಲಿಯ ಆಹಾರ ಗುಣಮಟ್ಟ ಸಂಸ್ಥೆ ತೊಳೆಯಬೇಡಿ ಎಂದು ವರ್ಷಗಳಿಂದ ಹೇಳುತ್ತಿದೆ. ಚಿಕ್ಕ ಮಕ್ಕಳಿರುವ ಮನೆ, ದಯವಿಟ್ಟು ಕೇಳು. ಓವನ್ನಿನ ಕಾವು ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ.

ತೊಳೆಯುವ ಬದಲು ಪೇಪರ್ ಟವೆಲ್ಲಿನಿಂದ ತುಂಡುಗಳನ್ನು ಚೆನ್ನಾಗಿ ಒರೆಸು. ಇದು ರುಚಿಗೂ ಬೇಕಾದ ಕೆಲಸ. ಚರ್ಮದ ಮೇಲೆ ನೀರಿದ್ದಷ್ಟು ಹೊತ್ತು ಅಲ್ಲಿಯ ಶಾಖ 100 ಡಿಗ್ರಿ ದಾಟುವುದಿಲ್ಲ. ಚರ್ಮ ಕೆಂಪಗಾಗಿ ಘಮ ಬರಬೇಕಾದರೆ ಸುಮಾರು 140 ಡಿಗ್ರಿಯಾದರೂ ಬೇಕು. ಆ ಶಾಖದಲ್ಲಿ ಪ್ರೋಟೀನು, ಸಕ್ಕರೆ ಅಂಶಗಳು ಕೂಡಿ ನೂರಾರು ಬಗೆಯ ಪರಿಮಳ ಹುಟ್ಟುತ್ತದೆ. ಇದನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮಿಲ್ ಮಯಾರ್, ಆ ಕ್ರಿಯೆಗೆ ಅವನದೇ ಹೆಸರು. ನಮ್ಮ ರೊಟ್ಟಿಯ ಮೇಲೆ ಏಳುವ ಕಂದು ಚುಕ್ಕೆಗಳೂ ಅದರದೇ ಕೆಲಸ.

ಹಿಂದಿನ ರಾತ್ರಿ ಮಲಗುವ ಮುನ್ನ ಐದು ನಿಮಿಷ ಸಿಕ್ಕರೆ ಕೋಳಿಗೆ ಉಪ್ಪು ಹಚ್ಚಿ ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿ ಇಟ್ಟುಬಿಡು. ಒಂದು ಕಿಲೋ ತೊಡೆಗೆ ಒಂದೂವರೆ ಟೀ ಚಮಚ ಉಪ್ಪು ಸಾಕು. ಉಪ್ಪು ಒಳಗಿಳಿಯುತ್ತದೆ, ಚರ್ಮ ಒಣಗುತ್ತದೆ. ಆಗದಿದ್ದರೆ ಅಂದೇ ಹಚ್ಚು, ಚಿಂತೆಯಿಲ್ಲ.

ಮಸಾಲೆಗೆ ಅಮ್ಮ ಕಳಿಸಿದ ಬ್ಯಾಡಗಿ ಮೆಣಸಿನ ಪುಡಿ ಇದೆಯಲ್ಲ, ಬಣ್ಣ ಹೆಚ್ಚು, ಖಾರ ಕಡಿಮೆ, ಮಕ್ಕಳಿಗೆ ಹೇಳಿ ಮಾಡಿಸಿದ್ದು. ಆದರೆ ಒಣ ಪುಡಿಯನ್ನು ಚರ್ಮದ ಮೇಲೆ ಉದುರಿಸಬೇಡ, ಅಷ್ಟು ಕಾವಿಗೆ ಕರಿದಾಗಿ ಕಹಿಯಾಗುತ್ತದೆ. ಶುಂಠಿ, ಬೆಳ್ಳುಳ್ಳಿ, ಕರಿಮೆಣಸು, ಸ್ವಲ್ಪ ಜೀರಿಗೆ ಒಟ್ಟಿಗೆ ಜಜ್ಜಿ, ಅದಕ್ಕೆ ಬ್ಯಾಡಗಿ ಪುಡಿ, ಅರಿಶಿನ, ಒಂದು ಚಮಚ ಎಣ್ಣೆ ಸೇರಿಸಿ ಗಟ್ಟಿಯಾಗಿ ಕಲಸು. ತೊಡೆಯ ಚರ್ಮದ ಒಂದು ಅಂಚು ಹಿಡಿದು ಬೆರಳನ್ನು ಮೆಲ್ಲಗೆ ಒಳಗೆ ತೂರಿಸು. ಚರ್ಮ ಮಾಂಸದಿಂದ ಬಿಟ್ಟುಕೊಂಡು ಸಣ್ಣ ಜೇಬಿನಂತಾಗುತ್ತದೆ. ಅರ್ಧ ಚಮಚ ಮಸಾಲೆಯನ್ನು ಅದರೊಳಗೆ ಇಟ್ಟು, ಮೇಲಿನಿಂದ ಸವರಿ ಹರಡು. ಮಸಾಲೆ ಮಾಂಸಕ್ಕೆ ಅಂಟಿಕೊಂಡು ಬೇಯುತ್ತದೆ, ಚರ್ಮ ಅದನ್ನು ಕಾಯುತ್ತದೆ. ಮೇಲೆ ಎಣ್ಣೆ, ಮೊದಲೇ ಹಚ್ಚಿರದಿದ್ದರೆ ಉಪ್ಪು, ಅಷ್ಟೇ. ಮೊಸರು, ಈರುಳ್ಳಿ ಅರೆದ ಮಸಾಲೆಯ ಆಸೆ ಈ ಅಡುಗೆಗೆ ಬೇಡ. ಟ್ರೇಯಲ್ಲಿ ನೀರಾಡಿದರೆ ಕೋಳಿ ಸುಡುವ ಬದಲು ಬೇಯುತ್ತದೆ, ಆಮೇಲೆ ಸಾರೂ ಅಲ್ಲ ರೋಸ್ಟೂ ಅಲ್ಲ.

ಈಗ ತರಕಾರಿ. ಆಲೂಗಡ್ಡೆ ಮುಕ್ಕಾಲು ಕಿಲೋ, ಕ್ಯಾರೆಟ್ ಮೂರು, ಹೂಕೋಸು ಅರ್ಧ, ಈರುಳ್ಳಿ ಎರಡು, ದಪ್ಪ ಮೆಣಸಿನಕಾಯಿ ಒಂದು. ಈ ತಿಂಗಳು ಪಾರ್ಸ್ನಿಪ್ ಸಿಗುತ್ತದೆ, ಬಿಳಿ ಕ್ಯಾರೆಟ್ಟಿನಂತೆ ಕಾಣುವ ಗೆಡ್ಡೆ. ಹಿಮ ಬಿದ್ದ ಮೇಲೆ ಅದರ ಪಿಷ್ಟ ಸಕ್ಕರೆಯಾಗಿ ಸಿಹಿ ಏರುತ್ತದೆ, ಒಂದೆರಡು ಹಾಕಿ ನೋಡು. ಆಲೂಗಡ್ಡೆಯಲ್ಲಿ ಮ್ಯಾರಿಸ್ ಪೈಪರ್ ಎಂಬ ತಳಿಯನ್ನು ಹುಡುಕು. 1966ರಿಂದ ಇಲ್ಲಿಯವರ ಅಡುಗೆಮನೆಯಲ್ಲಿ ಬೇರೂರಿದ ತಳಿ ಅದು. ಒಳಗೆ ಹಿಟ್ಟುಹಿಟ್ಟಾಗಿ, ಹೊರಗೆ ಗರಿಯಾಗಿ ಬೇಯುತ್ತದೆ. ಗೆಡ್ಡೆಗಳನ್ನು ಮೂರು ಸೆಂಟಿಮೀಟರಿನ ತುಂಡುಗಳಾಗಿ ಒಂದೇ ಅಳತೆಗೆ ಹೆಚ್ಚು. ಗಾತ್ರ ಹೆಚ್ಚುಕಡಿಮೆಯಾದರೆ ಒಂದು ಸೀಯುವಾಗ ಇನ್ನೊಂದು ಹಸಿ ಇರುತ್ತದೆ. ಟೊಮೆಟೊ, ಬದನೆಕಾಯಿ ಬೇಡ, ನೀರು ಬಿಡುತ್ತವೆ.

ಟ್ರೇ ದೊಡ್ಡದಿರಲಿ. 40 ಸೆಂಟಿಮೀಟರ್ ಉದ್ದ, 30 ಅಗಲದ ಲೋಹದ ಟ್ರೇ ನಿಮ್ಮ ನಾಲ್ವರಿಗೆ ಸರಿ. ಇಡೀ ಅಡುಗೆ ಗೆಲ್ಲುವುದೂ ಸೋಲುವುದೂ ಇಲ್ಲೇ. ತುಂಡುಗಳ ನಡುವೆ ಬೆರಳು ಹೋಗುವಷ್ಟು ಜಾಗ ಇರಬೇಕು. ಒತ್ತೊತ್ತಾಗಿ ತುರುಕಿದರೆ ತರಕಾರಿಯ ಹಬೆ ಹೊರಹೋಗಲು ದಾರಿಯಿಲ್ಲದೆ ಎಲ್ಲವೂ ಮೆತ್ತಗೆ ಬೆಂದು ಕೂರುತ್ತದೆ. ತರಕಾರಿ ಹೆಚ್ಚಾಯಿತೆಂದು ಕಂಡರೆ ಒಂದಷ್ಟನ್ನು ನಾಳೆಯ ಸಾಂಬಾರಿಗೆ ಎತ್ತಿಡು.

ಓವನ್ ಫ್ಯಾನಿನದಾದರೆ 200 ಡಿಗ್ರಿ, ಫ್ಯಾನ್ ಇಲ್ಲದ್ದಾದರೆ 220, ಗ್ಯಾಸಿನದಾದರೆ 7ನೆಯ ಗುರುತು. ಕಾಲು ಗಂಟೆ ಮೊದಲೇ ಕಾಯಲು ಬಿಡು. ಆಲೂಗಡ್ಡೆ, ಕ್ಯಾರೆಟ್, ಪಾರ್ಸ್ನಿಪ್, ಹೂಕೋಸಿಗೆ ಮೂರು ದೊಡ್ಡ ಚಮಚ ಎಣ್ಣೆ, ಒಂದು ಟೀ ಚಮಚ ಉಪ್ಪು ಕಲಸಿ ಹರಡು. ನಡುನಡುವೆ ಕೋಳಿ, ಚರ್ಮ ಮೇಲ್ಮುಖವಾಗಿ. ಒಳಗಿಡು. ಇಪ್ಪತ್ತೈದು ನಿಮಿಷಕ್ಕೆ ಹೊರತೆಗೆದು ತರಕಾರಿಯನ್ನಷ್ಟೇ ಮಗುಚಿ ಹಾಕು, ಕೋಳಿಯನ್ನು ತಿರುಗಿಸಬೇಡ. ಆಗ ದಪ್ಪಗೆ ಸೀಳಿದ ಈರುಳ್ಳಿ, ದಪ್ಪ ಮೆಣಸಿನಕಾಯಿ, ಸಿಪ್ಪೆ ಬಿಡಿಸದ ಆರೇಳು ಬೆಳ್ಳುಳ್ಳಿ ಎಸಳು ಸೇರಿಸು. ಇವನ್ನು ಮೊದಲೇ ಹಾಕಿದರೆ ಸೀಯುತ್ತವೆ. ಮತ್ತೆ ಇಪ್ಪತ್ತು ನಿಮಿಷ.

ಕೊನೆಯ ಹತ್ತು ನಿಮಿಷದಲ್ಲಿ ಓವನ್ನಿನ ದೀಪ ಹಾಕಿ ಮಕ್ಕಳನ್ನು ಕರೆದು ತೋರಿಸು. ಚರ್ಮದ ಅಂಚು ಒಳಕ್ಕೆ ಮುದುಡಿ, ಅದರ ಕೆಳಗಿನಿಂದ ಬ್ಯಾಡಗಿಯ ಕೆಂಪು ಬೆರೆತ ಕೊಬ್ಬು ಸಣ್ಣ ಗುಳ್ಳೆಗಳಾಗಿ ಸಿಡಿಯುತ್ತಿರುತ್ತದೆ. ಆಲೂಗಡ್ಡೆಯ ಮೂಲೆಗಳು ಆ ಕೊಬ್ಬಿನಲ್ಲಿ ಕೂತು ಬೆಲ್ಲದ ಬಣ್ಣಕ್ಕೆ ತಿರುಗಿರುತ್ತವೆ. ಬೇಯುವುದನ್ನು ಕಣ್ಣಾರೆ ನೋಡಿದ ಮಕ್ಕಳು ತಟ್ಟೆ ಮುಂದೆ ಬೇಗ ಬಂದು ಕೂರುತ್ತಾರೆ.

ಬೆಂದಿದೆಯೇ ಎಂದು ಬಣ್ಣ ನೋಡಿ ತೀರ್ಮಾನಿಸಬೇಡ. ಪೂರ್ತಿ ಬೆಂದ ಮೇಲೂ ಮೂಳೆಯ ಪಕ್ಕ ಕೆಲವೊಮ್ಮೆ ಕೆಂಪು ಉಳಿಯುತ್ತದೆ. ಒಂದು ಅಡುಗೆ ಥರ್ಮಾಮೀಟರ್ ತಂದಿಟ್ಟುಕೊ. ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿದಾಗ 75 ಡಿಗ್ರಿ ದಾಟಿದ್ದರೆ ತಿನ್ನಲು ಸುರಕ್ಷಿತ. ತೊಡೆಗೆ 80ರ ಮೇಲೆ ಹೋದರೇ ರುಚಿ.

ಹೊರತೆಗೆದ ಮೇಲೆ ಹತ್ತು ನಿಮಿಷ ಹಾಗೇ ಬಿಡು, ನಿಂಬೆಹಣ್ಣು ಹಿಂಡು, ಕೊತ್ತಂಬರಿ ಸೊಪ್ಪು ಉದುರಿಸು. ಬೆಳ್ಳುಳ್ಳಿಯ ಸಿಪ್ಪೆ ಒತ್ತಿದರೆ ಬೆಣ್ಣೆಯಂತೆ ಜಾರಿ ಬರುತ್ತದೆ, ಆಲೂಗಡ್ಡೆಗೆ ಸವರಿಕೊಂಡು ತಿನ್ನಬೇಕು. ಟ್ರೇ ತಳದಲ್ಲಿ ಹತ್ತಿದ್ದನ್ನು ಬಿಡಬೇಡ. ಕಾಲು ಲೋಟ ಬಿಸಿನೀರು ಹಾಕಿ ಕೆರೆದರೆ ಅದೇ ಗೊಜ್ಜು. (ಗಾಜಿನ ಟ್ರೇ ಆದರೆ ಕಾದಿರುವಾಗ ನೀರು ಸುರಿಯಬೇಡ, ಒಡೆಯಬಹುದು.)

ಮಾಂಸದಿಂದ ಇಳಿದದ್ದನ್ನು ಕೆಳಗಿನದು ಹೀರಿಕೊಳ್ಳುವ ಉಪಾಯ ಈ ನೆಲದಲ್ಲಿ ಹಳೆಯದು. ನಾನಿರುವ ಈ ಯಾರ್ಕ್‌ಶೈರ್ ಕಡೆ ಬೆಂಕಿಯ ಮುಂದೆ ತಿರುಗುವ ಮಾಂಸದ ಕೆಳಗೆ ಹಿಟ್ಟಿನ ಟ್ರೇ ಇಟ್ಟು, ತೊಟ್ಟಿಕ್ಕುವ ಕೊಬ್ಬಿನಲ್ಲೇ ಪುಡ್ಡಿಂಗ್ (ಸಿಹಿಯದಲ್ಲ, ಹಿಟ್ಟು-ಮೊಟ್ಟೆ-ಹಾಲು ಕಲಸಿ ಮಾಡುವ ಖಾದ್ಯ) ಬೇಯಿಸುತ್ತಿದ್ದರು. ಮಾಂಸ ದುಬಾರಿ, ಹಾಗಾಗಿ ಮೊದಲು ಪುಡ್ಡಿಂಗ್ ಬಡಿಸಿ ಹೊಟ್ಟೆಯ ಹಸಿವು ತಗ್ಗಿಸುತ್ತಿದ್ದರು. ಮನೆಯಲ್ಲಿ ಓವನ್ ಇಲ್ಲದ ಬಡವರು ಭಾನುವಾರ ಚರ್ಚಿಗೆ ಹೋಗುವಾಗ ಮಾಂಸ, ಆಲೂಗಡ್ಡೆಯ ಪಾತ್ರೆಯನ್ನು ಬೇಕರಿಯವನ ಒಲೆಗೆ ಕೊಟ್ಟು, ಬರುವಾಗ ಬೆಂದ ಊಟವನ್ನು ಹೊತ್ತು ತರುತ್ತಿದ್ದರಂತೆ. ಭಾನುವಾರದ ರೋಸ್ಟ್ ಎಂದು ಇಲ್ಲಿಯವರು ಕರೆಯುವ ಸುಟ್ಟ ಮಾಂಸದ ಊಟದ ಈ ಚರಿತ್ರೆ ನನಗೆ ಬಹಳ ಇಷ್ಟ. ದುಡಿಯುವ ಜನ ತಮ್ಮ ಬಿಡುವಿನ ಹೊತ್ತನ್ನು ಉಳಿಸಿಕೊಳ್ಳಲು ಕಂಡುಕೊಂಡ ದಾರಿ ಅದು, ನಿನಗೂ ಈಗ ಬೇಕಿರುವುದು ಅದೇ.

‘ಅನ್ನವಿಲ್ಲದೆ ಊಟವೇ?’ ಎಂದು ನೀನು ಕೇಳುವುದು ಗೊತ್ತು. ಇಲ್ಲಿ ಅನ್ನದ ಕೆಲಸವನ್ನು ಆಲೂಗಡ್ಡೆ ಮಾಡುತ್ತದೆ. ಮನಸ್ಸು ಕೇಳದಿದ್ದರೆ ಬೆಳಿಗ್ಗೆಯೇ ಕಲಸಿ ಫ್ರಿಜ್ಜಿನಲ್ಲಿಟ್ಟ ಮೊಸರನ್ನ ಕೊನೆಗೆ ಎರಡು ತುತ್ತು.

ತಂಗಿಯ ಪಾಲನ್ನು ಆರು ಗಂಟೆಗೇ ಬೇಯಿಸಿ ಮುಚ್ಚಿಡಬೇಡ. ಎರಡು ತೊಡೆ, ಒಂದು ಹಿಡಿ ತರಕಾರಿಯನ್ನು ಸಣ್ಣ ಟ್ರೇಯಲ್ಲಿ ಹಸಿಯಾಗಿಯೇ ಫ್ರಿಜ್ಜಿನಲ್ಲಿ ಇಟ್ಟಿರು. ಏಳೂಮುಕ್ಕಾಲಕ್ಕೆ ಓವನ್ನಿಗೆ ತಳ್ಳಿದರೆ ಅವಳು ಬಸ್ಸಿಳಿದು ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಬಿಸಿಬಿಸಿಯಾಗಿ ಸಿದ್ಧ. ಹನ್ನೆರಡು ಗಂಟೆ ನಿಂತು ರೋಗಿಗಳನ್ನು ನೋಡಿಕೊಂಡವಳು ಮನೆಯಲ್ಲಿ ಬಿಸಿ ಊಟಕ್ಕೆ ಕೂರಬೇಕು, ಅದನ್ನು ನೀನೇ ಬಡಿಸಬೇಕು. ಈ ಪತ್ರ ಬರೆಯಲು ಕೂತದ್ದೇ ಮುಖ್ಯವಾಗಿ ಇದಕ್ಕಾಗಿ.

ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಎರಡು ದಿನದಲ್ಲಿ ಮುಗಿಸಿ. ಬಿಡಿಸಿದ ಮಾಂಸ ಚಪಾತಿಯಲ್ಲಿ ಸುತ್ತಿದರೆ ಮಕ್ಕಳ ಬುತ್ತಿ. ಮೂಳೆಗಳನ್ನು ಕುಕ್ಕರಿನಲ್ಲಿ ಮೆಣಸು, ಜೀರಿಗೆಯೊಂದಿಗೆ ಕೂಗಿಸಿದರೆ ನೆಗಡಿಗೆ ಒಳ್ಳೆಯ ರಸ.

ಬೇಸಿಗೆಯಲ್ಲಿ ನಿನ್ನ ಅತ್ತೆಯವರು ಬರುವವರಿದ್ದಾರೆ, ಅವರು ಮಾಂಸ ಮುಟ್ಟುವುದಿಲ್ಲ. ಅವರಿಗೆ ಬೇರೆ ಟ್ರೇಯನ್ನೇ ಕೊಳ್ಳಬೇಕು. ಅದರಲ್ಲಿ ಪನೀರ್, ಹೂಕೋಸು, ಬೇಯಿಸಿದ ಕಡಲೆಕಾಳು ಹಾಕಿ, ಕೋಳಿಗಿಂತ ಮೊದಲೇ ಬೇಯಿಸಿ ತೆಗೆದಿಡು. ಒಟ್ಟಿಗೆ ಇಟ್ಟರೆ ಕೊಬ್ಬು ಸಿಡಿಯುವ ಅಂಜಿಕೆ, ಅವರು ನೆಮ್ಮದಿಯಾಗಿ ಉಣ್ಣಲಾರರು.

ಶನಿವಾರ ಟ್ರೇ ಕೊಳ್ಳಲು ಹೋಗುವ ಮೊದಲು ಓವನ್ನಿನ ಒಳಗಿನ ಅಗಲ ಅಳೆದುಕೊ, ಬಾಡಿಗೆ ಮನೆಗಳಲ್ಲಿ ಕೆಲವು ತೀರಾ ಚಿಕ್ಕವು. ಗುಂಡಿಯ ಸುತ್ತ ಇರುವ ಚಿತ್ರಗಳ ಫೋಟೊ ಕಳಿಸು. ವೃತ್ತದೊಳಗೆ ಫ್ಯಾನ್ ಇರುವ ಚಿತ್ರ ಕಂಡರೆ 200ಕ್ಕೆ ಇಡು, ಮೇಲೊಂದು ಕೆಳಗೊಂದು ಗೆರೆ ಮಾತ್ರ ಇದ್ದರೆ 220. ಚಿತ್ರವೆಲ್ಲ ಅಳಿಸಿಹೋಗಿದ್ದರೆ ಮಾದರಿ ಸಂಖ್ಯೆ ಸಾಮಾನ್ಯವಾಗಿ ಬಾಗಿಲ ಒಳ ಅಂಚಿನಲ್ಲಿ ಇರುತ್ತದೆ, ಅದನ್ನೇ ಕಳಿಸು, ನಾನು ನೋಡಿ ಹೇಳುತ್ತೇನೆ.

ತಂಗಿಗೂ ಮಕ್ಕಳಿಗೂ ನೆನೆದೆನೆಂದು ಹೇಳು.

ಇಂತಿ,
ಲೀಡ್ಸ್‌ನಿಂದ ನಿನ್ನ ಗೆಳೆಯ