ಜೇಕಬ್ ಲೇಕ್‌ನಲ್ಲಿ ಒಮ್ಮೆ ಇಳಿಯಿರಿ

ಮಾನ್ಯ ಸಂಪಾದಕರೇ,

ಗ್ರ್ಯಾಂಡ್ ಕ್ಯಾನ್ಯನ್ ಕುರಿತು ನಿಮ್ಮ ಪ್ರವಾಸ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಬಹುಪಾಲು ಜನರಂತೆ ಲೇಖಕರೂ ಆ ಕಮರಿಯನ್ನು ದಕ್ಷಿಣದ ಅಂಚಿನಿಂದಷ್ಟೇ ನೋಡಿ ಬಂದಿದ್ದಾರೆ. ಉತ್ತರದ ಅಂಚಿಗೆ ಹೋಗುವ ದಾರಿಯಲ್ಲಿರುವ ಒಂದು ಹಳೆಯ ತಂಗುದಾಣದ ಬಗ್ಗೆ ಹೇಳಲೆಂದೇ ಈ ಪತ್ರ.

ಅರಿಜೋನಾದಲ್ಲಿ ಕೊಲರಾಡೊ ನದಿಯನ್ನು ನವಾಹೊ ಸೇತುವೆಯ ಬಳಿ ದಾಟಿದ ಮೇಲೆ ರಸ್ತೆ ಕೆಂಪು ಬಂಡೆಗಳ ಬುಡದಲ್ಲೇ ಬಹುದೂರ ಸಾಗುತ್ತದೆ. ನೆರಳೆಂಬುದಿಲ್ಲ. ಬಳಿಕ ಏರು ಶುರುವಾಗಿ, ನೋಡುನೋಡುತ್ತಿದ್ದಂತೆ ಪೈನ್ ಕಾಡು ಸುತ್ತುವರಿಯುತ್ತದೆ. ಸುಮಾರು 7,900 ಅಡಿ ಎತ್ತರದಲ್ಲಿ, 89ಎ ಮತ್ತು 67ನೇ ಹೆದ್ದಾರಿಗಳು ಕೂಡುವಲ್ಲಿ ‘ಜೇಕಬ್ ಲೇಕ್ ಇನ್’ ಎಂಬ ಆ ತಂಗುದಾಣ ಇದೆ. ಹೆಸರು ಕೇಳಿ ದೊಡ್ಡ ಸರೋವರ ಹುಡುಕಬೇಡಿ, ಇರುವುದು ಒಂದು ಸಣ್ಣ ಹೊಂಡ. ಹೆರಾಲ್ಡ್ ಮತ್ತು ನೀನಾ ಬೌಮನ್ ದಂಪತಿ 1923ರಲ್ಲಿ ದಾರಿಹೋಕರಿಗೆ ಪೆಟ್ರೋಲ್ ಮಾರುತ್ತ ಆರಂಭಿಸಿದ ಜಾಗವಿದು. ಇಂದಿಗೂ ಅವರ ಕುಟುಂಬದ ಕೈಯಲ್ಲೇ ಇದೆ. ಉಳಿಯಲು ಕೊಠಡಿ, ಮರದ ಕ್ಯಾಬಿನ್, ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರು ನೇಯ್ದ ಕಂಬಳಿಗಳ ಅಂಗಡಿ ಎಲ್ಲ ಇವೆ; ಆದರೆ ಜನ ಗಾಡಿ ನಿಲ್ಲಿಸುವುದು ಬೇಕರಿಗಾಗಿ.

ಅಯ್ಯಂಗಾರ್ ಬೇಕರಿಗಳ ತವರಾದ ಹಾಸನ ಜಿಲ್ಲೆಯವನು ನಾನು, ಬೇಕರಿಯ ವಿಷಯದಲ್ಲಿ ಸುಲಭಕ್ಕೆ ಒಪ್ಪುವವನಲ್ಲ. ಅಲ್ಲಿನ ನಿಂಬೆ–ಜುಕಿನಿ ಕುಕ್ಕಿಯನ್ನು ಮಾತ್ರ ತಕರಾರಿಲ್ಲದೆ ಒಪ್ಪಿಕೊಂಡೆ. ಜುಕಿನಿಯೆಂದರೆ ನೋಡಲು ಸೌತೆಯಂತಿರುವ, ಕುಂಬಳದ ಕುಲದ ತರಕಾರಿ. ಬೂದುಗುಂಬಳದಿಂದ ಕಾಶಿ ಹಲ್ವ ಮಾಡುವ ನಾವು ಮೂಗು ಮುರಿಯಬೇಕಾದ್ದೇನೂ ಇಲ್ಲ. ಮೊಟ್ಟೆ ತಿನ್ನದವರು ವಿಚಾರಿಸಿ ಕೊಳ್ಳುವುದು ಲೇಸು. ನಮ್ಮವರ ಕಾರಿನಲ್ಲಿ ಪುಳಿಯೋಗರೆ, ಚಪಾತಿಯ ಡಬ್ಬಿಗಳು ತುಂಬಿರುತ್ತವೆ, ನಿಜ. ಆದರೂ ಒಂದು ಕುಕ್ಕಿಗೆ ಹೊಟ್ಟೆಯಲ್ಲಿ ಜಾಗ ಇದ್ದೇ ಇರುತ್ತದೆ.

ಈಗಲೇ ಬರೆಯಲು ಕಾರಣವೂ ಇದೆ. 2025ರ ಜುಲೈ ತಿಂಗಳ ಕಾಳ್ಗಿಚ್ಚಿನಲ್ಲಿ ಉತ್ತರದಂಚಿನ ಗ್ರ್ಯಾಂಡ್ ಕ್ಯಾನ್ಯನ್ ಲಾಡ್ಜ್ ಸುಟ್ಟುಹೋಯಿತು. ಅದು 1932ರಲ್ಲೂ ಒಮ್ಮೆ ಬೆಂಕಿಗೆ ಸಿಕ್ಕಿ, 1937ರ ಹೊತ್ತಿಗೆ ಮತ್ತೆ ಎದ್ದುನಿಂತ ಕಟ್ಟಡ. ಅದೇ ತಿಂಗಳು ಇನ್ನೊಂದು ಕಿಚ್ಚಿನ ಭಯದಿಂದ ಜೇಕಬ್ ಲೇಕ್‌ನಿಂದಲೂ ಜನರನ್ನು ತೆರವುಗೊಳಿಸಿದ್ದರು. ಇನ್ ಉಳಿಯಿತು. ಆದರೆ ಅದರ ವ್ಯಾಪಾರ ನಿಂತಿರುವುದೇ ಅಲ್ಲಿಂದ ಸುಮಾರು 72 ಕಿ.ಮೀ. ದೂರದ ಆ ಅಂಚಿಗೆ ಹೋಗಿಬರುವವರ ಮೇಲೆ. ಸುದ್ದಿ ಓದಿದವರು ‘ಅಲ್ಲೇನೂ ಉಳಿದಿಲ್ಲವಂತೆ’ ಎಂದು ಆ ದಾರಿಯನ್ನೇ ಕೈಬಿಟ್ಟರೆ ಬೆಂಕಿ ಮಾಡದ ನಷ್ಟವನ್ನು ನಾವು ಮಾಡಿದಂತಾಗುತ್ತದೆ.

ನಿಮ್ಮ ಪ್ರವಾಸ ಲೇಖಕರು ತಲುಪುವ ಊರಿನ ಜೊತೆಗೆ ದಾರಿಯ ಇಂಥ ಜಾಗಗಳಿಗೂ ನಾಲ್ಕು ಸಾಲು ಮೀಸಲಿಡಲಿ. ಜೈಯನ್ ರಾಷ್ಟ್ರೀಯ ಉದ್ಯಾನ ನೋಡಿಕೊಂಡು ಪೇಜ್ ಎಂಬ ಪಟ್ಟಣದ ಕಡೆಗೆ ಹೊರಟವರು 89ಎ ಹಿಡಿದರೆ ಉತ್ತರದ ಅಂಚಿಗೆ ಹೋಗದೆಯೂ ಈ ಇನ್ ಸಿಗುತ್ತದೆ. ಚಳಿಗಾಲದಲ್ಲಿ 67ನೇ ಹೆದ್ದಾರಿ ಹಿಮದಿಂದ ಮುಚ್ಚುತ್ತದೆ, ಇನ್ ಮುಚ್ಚುವುದಿಲ್ಲ.

– ನಿವೃತ್ತ ಶಿಕ್ಷಕ, ಹಾಸನ