ಸಲಾಕೆ ಚುಚ್ಚಿ ಹೋದರೆ ಲೈನ್ ಬಿಟ್ಟ ಹಾಗಾಗುವುದಿಲ್ಲ

ಮಾನ್ಯ ಸಂಪಾದಕರೇ,

ಕೋಡಿಬಾಗದ ಒಳಚರಂಡಿ ಚೇಂಬರ್ (ಪೈಪ್ ಲೈನಿನ ನಡುವೆ ಮುಚ್ಚಳ ಹಾಕಿದ ಗುಂಡಿ) ಬಗ್ಗೆ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ಸುದ್ದಿಯನ್ನೂ ಫೋಟೋವನ್ನೂ ಊರವರೆಲ್ಲ ನೋಡಿದ್ದಾರೆ. ‘ಬ್ಲಾಕ್ ತೆರವುಗೊಳಿಸಲಾಗಿದೆ, ನಿವಾಸಿಗಳೇ ಸಿಕ್ಕಿದ್ದೆಲ್ಲ ಹಾಕಿ ಲೈನ್ ಕಟ್ಟಿಕೊಳ್ಳುವಂತೆ ಮಾಡುತ್ತಾರೆ’ ಎಂಬ ಅಧಿಕಾರಿಗಳ ಮಾತೂ ಅದರಲ್ಲಿದೆ. ಪತ್ರಿಕೆ ಬಾಗಿಲಿಗೆ ಬೀಳುವ ಹೊತ್ತಿಗೆ ಅದೇ ಚೇಂಬರಿನ ಮುಚ್ಚಳದ ಸಂದಿಯಿಂದ ಮಲನೀರು ಮತ್ತೆ ರಸ್ತೆಗೆ ಇಳಿದಿತ್ತು. ತೆರವಾಗಿದ್ದಾದರೂ ಏನು?

ಹೇಳಿಕೆ ಕೊಟ್ಟವರಿಗೆ ಇಲ್ಲಿನ ಪಾಡು ಗೊತ್ತಿರಲಿ. ಮೇಲಿನ ಮನೆಯವರು ಫ್ಲಶ್ ಮಾಡಿದರೆ ಕೆಳಮನೆಯ ಬಚ್ಚಲಿನ ನಾನಿ ಟ್ರ್ಯಾಪಿನಿಂದ (ನೆಲದಲ್ಲಿ ನೀರು ಹೋಗುವ ಜಾಲರಿ ಬಾಯಿಯಿಂದ) ಗುಳುಗುಳು ಎಂದು ನೀರು ಉಕ್ಕುತ್ತದೆ. ಸ್ನಾನ ಮಾಡುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಅಕ್ಕಿ ತೊಳೆದ ನೀರನ್ನೂ ಬಕೆಟ್ಟಿನಲ್ಲಿ ಹಿಡಿದು ತೆಂಗಿನ ಬುಡಕ್ಕೆ ಹೊರಬೇಕು. ಮಂಡಿನೋವಿನ ಮುದುಕರನ್ನು ಆಟೋದಲ್ಲಿ ಕೂರಿಸಿ ನೆಂಟರ ಮನೆಗೆ ಕರೆದೊಯ್ಯಬೇಕು. ಎಲ್ಲಕ್ಕಿಂತ ದೊಡ್ಡ ಚಿಂತೆ ಬಾವಿಯದು. ನಮ್ಮದು ಉಸುಕಿನ ನೆಲ, ಮಳೆಗಾಲದಲ್ಲಿ ಬಾವಿ ನೀರು ಕಟ್ಟೆಯ ಹತ್ತಿರಕ್ಕೇ ಬರುತ್ತದೆ. ಚೇಂಬರಿನಿಂದ ಸೋರಿದ್ದು ಬಾವಿಗೆ ಸೇರಲು ಎಷ್ಟು ಹೊತ್ತು ಬೇಕು? ಕುಡಿಯುವ ನೀರನ್ನು ಕುದಿಸಿ ಆರಿಸಿಯೇ ಗ್ಯಾಸ್ ಸಿಲಿಂಡರ್ ಖಾಲಿಯಾಗುತ್ತಿದೆ.

ಬಂದವರು ಮಾಡಿದ್ದು ಇಷ್ಟೇ: ತುಂಬಿ ನಿಂತ ಚೇಂಬರಿಗೆ ಕಬ್ಬಿಣದ ಸಲಾಕೆ ಹಾಕಿ ಕುಟ್ಟಿದರು, ಬಾಟ್ಲಿಗಟ್ಟಲೆ ಆಸಿಡ್ ಸುರಿದರು, ನೀರು ಒಂದು ಗೇಣು ಇಳಿದ ಕೂಡಲೇ ಫೋಟೋ ತೆಗೆದು ಹೊರಟರು. ಸಲಾಕೆ ಕಟ್ಟಿದ್ದನ್ನು ತೆಗೆಯುವುದಿಲ್ಲ, ನಡುವೆ ಒಂದು ತೂತು ಮಾಡುತ್ತದೆ, ಅಷ್ಟೆ. ಆ ತೂತು ರಾತ್ರಿಯೊಳಗೆ ಮುಚ್ಚಿಕೊಳ್ಳುತ್ತದೆ. ಮೇಲಾಗಿ ಪಿವಿಸಿ ಪೈಪಿನ ಬೆಂಡಿಗೆ ಸಲಾಕೆಯ ಮೊನೆ ತಾಗಿದರೆ ಬೆಂಡೇ ಒಡೆಯುತ್ತದೆ, ಆಮೇಲೆ ಆ ಬಿರುಕಿನಿಂದ ಉಸುಕು ಒಳಗೆ ಬರಲು ಶುರು. ಬಿದಿರಿನ ದಬ್ಬೆಯೂ ಅಷ್ಟೇ, ಸೀಳಿದ ತುಂಡು ಒಳಗೇ ಮುರಿದು ಉಳಿದರೆ ಮುಂದಿನ ಬ್ಲಾಕ್ ಅದರ ಮೇಲೇ ಕಟ್ಟುತ್ತದೆ. ಆಸಿಡ್‌ಗೆ ಬಟ್ಟೆ, ಪ್ಯಾಡ್, ಬೇರು ಕರಗುವುದಿಲ್ಲ. ಅದು ತಿನ್ನುವುದು ಚೇಂಬರಿನ ಸಿಮೆಂಟನ್ನು. ಅದರ ಹಿಂದೆಯೇ ಯಾರಾದರೂ ಬ್ಲೀಚಿಂಗ್ ಪೌಡರ್ ಎಸೆದರೆ ಏಳುವುದು ಕ್ಲೋರಿನ್ ಅನಿಲ, ಉಸಿರೇ ಕಟ್ಟುತ್ತದೆ. ಮನೆಯವರು ತಂದು ಸುರಿಯುವ ಕಾಸ್ಟಿಕ್ ಸೋಡಾ ಕೂಡ ಜಿಡ್ಡಿಗೆ ಮಾತ್ರ ಸರಿ. ನಿಂತ ನೀರಿನಲ್ಲಿ ಅದು ಕಟ್ಟಿದ ಜಾಗವನ್ನು ಮುಟ್ಟುವುದೇ ಇಲ್ಲ, ಆಮೇಲೆ ಕೈ ಹಾಕಿದವನ ಚರ್ಮ ಸುಡುತ್ತದೆ.

ಈ ಕೆಲಸಕ್ಕೆ ಒಂದು ಕ್ರಮವಿದೆ. ಒಂದೇ ಸಿಂಕ್ ಅಥವಾ ಒಂದೇ ಕಮೋಡ್ ಕಟ್ಟಿಕೊಂಡಿದ್ದರೆ ದೋಷ ಅದರ ಟ್ರ್ಯಾಪಿನಲ್ಲಿ, ಎಂದರೆ ಅದರಡಿಯ ನೀರು ನಿಲ್ಲುವ ಬಾಗಿನಲ್ಲಿ. ಕೆಳಮನೆಯ ಎಲ್ಲವೂ ಒಟ್ಟಿಗೆ ಉಕ್ಕಿದರೆ ದೋಷ ಮುಖ್ಯ ಲೈನಿನಲ್ಲಿ. ಆಗ ಮನೆಯಿಂದ ರಸ್ತೆಯ ಕಡೆಗೆ ಒಂದೊಂದೇ ಚೇಂಬರ್ ತೆರೆಯುತ್ತ ಹೋಗಬೇಕು. ತುಂಬಿದ ಕೊನೆಯ ಚೇಂಬರಿಗೂ ಖಾಲಿ ಇರುವ ಮೊದಲನೆಯದಕ್ಕೂ ನಡುವೆ ಬ್ಲಾಕ್ ಇರುತ್ತದೆ. ರಾಡ್ ಹಾಕಬೇಕಾದದ್ದು ಖಾಲಿ ಚೇಂಬರಿನಿಂದ, ಮೇಲ್ಮುಖವಾಗಿ. ಆಗ ಪೈಪಿನ ಬಾಯಿ ಕಣ್ಣಿಗೆ ಕಾಣುತ್ತದೆ, ಗಂಟನ್ನು ಮುಂದಕ್ಕೆ ತಳ್ಳುವ ಬದಲು ಎಳೆದು ತೆಗೆಯಬಹುದು. ಒಂದಕ್ಕೊಂದು ತಿರುಪಿ ಜೋಡಿಸುವ, ಬಾಗುವ ರಾಡಿನ ತುದಿಗೆ ಮೊದಲು ಸುರುಳಿ ಹಾಕಿ ಬಟ್ಟೆ, ನಾರು ಸಿಕ್ಕಿಸಿ ಎಳೆಯಬೇಕು, ಆಮೇಲೆ ರಬ್ಬರ್ ಬಿಲ್ಲೆ ಹಾಕಿ ಹಿಂದೆ ಮುಂದೆ ಮಾಡಿ ಪೈಪಿನ ಗೋಡೆ ಒರೆಸಬೇಕು. ರಾಡನ್ನು ಯಾವಾಗಲೂ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೇ ತಿರುಗಿಸಬೇಕು. ಎದುರು ತಿರುಗಿಸಿದರೆ ಜೋಡಣೆ ಬಿಚ್ಚಿ ಅರ್ಧ ರಾಡ್ ಒಳಗೇ ಉಳಿಯುತ್ತದೆ. ಮುಂದಿನ ಪೈಪಿನ ಬಾಯಿಗೆ ತಂತಿ ಜಾಳಿಗೆ ಇಟ್ಟು ಬಂದದ್ದನ್ನು ಅಲ್ಲೇ ಹಿಡಿಯದಿದ್ದರೆ ಬ್ಲಾಕ್ ಮುಂದಿನ ಮನೆಯವರ ಪಾಲಾಗುತ್ತದೆ. ಇಲ್ಲಿ ಆದದ್ದೂ ಅದೇ.

ನೀರು ಬಿಟ್ಟಿತೆಂದು ಮುಚ್ಚಳ ಹಾಕಿ ಹೋಗುವ ಹಾಗಿಲ್ಲ. ಮೇಲಿನ ಚೇಂಬರಿನಲ್ಲಿ ಟಾರ್ಚ್ ಹಿಡಿದು ಕೆಳಗಿನದರಲ್ಲಿ ಕನ್ನಡಿ ಇಟ್ಟು ನೋಡಬೇಕು. ಪೂರ್ತಿ ದುಂಡನೆಯ ಬೆಳಕು ಕಂಡರೆ ಪೈಪ್ ನೇರವಾಗಿದೆ, ಅರ್ಧಚಂದ್ರ ಕಂಡರೆ ನಡುವೆ ಕುಸಿದು ನೀರು ನಿಂತಿದೆ. ಕುಸಿದ ಪೈಪನ್ನು ಯಾವ ರಾಡೂ ಸರಿಮಾಡುವುದಿಲ್ಲ, ಅಗೆದು ಮತ್ತೆ ಕೂರಿಸಲೇಬೇಕು. 110 ಮಿಲಿಮೀಟರ್ ಪೈಪಿಗೆ ಕನಿಷ್ಠ 60ಕ್ಕೆ 1ರ ವಾಟ (ಇಳಿಜಾರು) ಬೇಕು, ಎಂದರೆ 6 ಮೀಟರ್ ಪೈಪಿಗೆ 10 ಸೆಂಟಿಮೀಟರ್ ಇಳಿಕೆ. 40ಕ್ಕೆ 1 ಕೊಟ್ಟು 15 ಸೆಂಟಿಮೀಟರ್ ಇಳಿಸಿದರೆ ಇನ್ನೂ ಒಳ್ಳೆಯದು. ನಮ್ಮ ಓಣಿಯಲ್ಲಿ ಟ್ರೆಂಚಿನೊಳಗೆ ನೀರು ತುಂಬಿದ್ದಾಗಲೇ ಪೈಪ್ ಇಳಿಸಿ, ಅದರ ಮೇಲೆ ಚಿರೇಕಲ್ಲಿನ ಚೂರು ದಬದಬ ಸುರಿದು ಮುಚ್ಚಿದರು. ಕೆಳಗೆ ಉಸುಕು ಹಾಸಿ ತಟ್ಟಿ ಮಟ್ಟ ಮಾಡಿದ್ದನ್ನು ಯಾರೂ ಕಂಡಿಲ್ಲ. ಜಾಯಿಂಟ್ ಸಡಿಲವಾದಲ್ಲಿ ತೆಂಗಿನ ಬೇರು ಕೂದಲೆಳೆಯಷ್ಟು ಸಂದಿಯಲ್ಲಿ ನುಗ್ಗಿ ಒಳಗೆ ಜಡೆಯಾಗಿ ಬೆಳೆಯುತ್ತದೆ. ಅದನ್ನು ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಜಾಯಿಂಟನ್ನೇ ಬದಲಿಸಬೇಕು.

ನಿವಾಸಿಗಳ ತಪ್ಪಿಲ್ಲವೆಂದು ಯಾರೂ ಹೇಳುತ್ತಿಲ್ಲ. ಪಾತ್ರೆ ತಿಕ್ಕುವ ಕತ್ತದ ನಾರು, ಬಂಗಡೆ ತಾರ್ಲೆ ಮೀನು ತೊಳೆದ ಪೊರೆ, ಮೀನು ಹುರಿದ ಎಣ್ಣೆ, ಗಂಜಿ, ಕಾಯಿತುರಿಯ ಚರಟ ಇವೆಲ್ಲ ಸೋಪಿನ ಜಿಡ್ಡಿನ ಜತೆ ಸೇರಿ ಪೈಪಿನೊಳಗೆ ಬಿಳಿ ಗಡ್ಡೆಯಾಗುತ್ತವೆ. ಸ್ಯಾನಿಟರಿ ಪ್ಯಾಡನ್ನಂತೂ ಕಮೋಡಿಗೆ ಹಾಕಲೇಬಾರದು, ನೀರು ಹೀರಿ ಉಬ್ಬಿ ಬೆಂಡಿನಲ್ಲಿ ಕೂತುಬಿಡುತ್ತದೆ. ಅಡುಗೆಮನೆಯ ನೀರು ಗಲ್ಲಿ ಟ್ರ್ಯಾಪಿನ (ಮನೆಯ ಹೊರಗೆ ಕಸ ತಡೆಯುವ ಪುಟ್ಟ ಗುಂಡಿಯ) ಜಾಳಿಗೆ ದಾಟಿಯೇ ಚೇಂಬರ್ ಸೇರಬೇಕು, ಆ ಜಾಳಿಗೆಯನ್ನು ವಾರಕ್ಕೊಮ್ಮೆ ಎತ್ತಿ ತೊಳೆಯಬೇಕು. ಮಾಡಿನ ಮಳೆನೀರನ್ನು ಚೇಂಬರಿಗೆ ತಿರುಗಿಸಿದವರೂ ಇದ್ದಾರೆ, ಅದು ನಿಲ್ಲಲೇಬೇಕು. ಆದರೆ ಇಂಥ ತಪ್ಪು ಮಾಡದ ಮನೆಗಳಲ್ಲೂ ನೀರು ಉಕ್ಕುತ್ತಿರುವಾಗ ಮೊದಲು ರಸ್ತೆಯ ಲೈನ್ ನೋಡಿ, ಆಮೇಲೆ ಹೇಳಿಕೆ ಕೊಡಿ.

ಹಾಗೆ ನೋಡಲು ಮುಚ್ಚಳವಾದರೂ ಎಲ್ಲಿದೆ? ರಸ್ತೆಗೆ ಕಾಂಕ್ರೀಟ್ ಹಾಕಿದಾಗ ಚೇಂಬರಿನ ಕಟ್ಟೆ ಎತ್ತರಿಸದೆ ಮೇಲಿಂದಲೇ ಸುರಿದರು. ಎಷ್ಟೋ ಮುಚ್ಚಳಗಳು ರಸ್ತೆಯಡಿ ಹೂತಿವೆ, ಹಾರೆಯಿಂದ ಕುಟ್ಟಿ ಹುಡುಕಬೇಕು. ಆಗಲೇ ಹೇಳಿದ್ದೆವು. ಬೀದಿದೀಪಕ್ಕೂ ಹೇಳಿದ್ದೆವು, ಗಟಾರದ ಹೂಳಿಗೂ ಹೇಳಿದ್ದೆವು. ದೂರು ಕೊಟ್ಟರೆ ಸಂಖ್ಯೆ ಸಿಗುತ್ತದೆ, ಯಾರೂ ಬರುವ ಮೊದಲೇ ‘ಪರಿಹರಿಸಲಾಗಿದೆ’ ಎಂಬ ಸಂದೇಶವೂ ಬರುತ್ತದೆ. 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ಮಂಜೂರಾದ ಕರಾವಳಿ ನಗರಾಭಿವೃದ್ಧಿ ಯೋಜನೆಯಲ್ಲಿ ಕಾರವಾರ, ಅಂಕೋಲಾ, ಭಟ್ಕಳ, ಶಿರಸಿ ಎಲ್ಲವೂ ಇದ್ದವು. ಕಾಲು ಶತಮಾನ ಕಳೆದ ಮೇಲೂ ಒಳಚರಂಡಿ ಎಂದರೆ ನಮ್ಮ ಪಾಲಿಗೆ ಬಿಲ್ಲು ಮತ್ತು ವಾಸನೆ.

ನಿಮ್ಮ ಫೋಟೋದಲ್ಲಿದ್ದ ಆ ಹುಡುಗನ ಬಗ್ಗೆ ಬರೆಯದಿದ್ದರೆ ಪತ್ರ ಬರೆದೂ ಪ್ರಯೋಜನವಿಲ್ಲ. ಕೈಗವಸಿಲ್ಲ, ಬೂಟಿಲ್ಲ, ಸೊಂಟದವರೆಗೆ ಚೇಂಬರಿನೊಳಗೆ ಇಳಿದು ನಿಂತಿದ್ದಾನೆ. ಹೀಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ, ಮನುಷ್ಯ ಕುಸಿದು ಬೀಳುತ್ತಾನೆ. ಮುಚ್ಚಳ ತೆರೆದು ಗಾಳಿಯಾಡಲು ಬಿಡುವಷ್ಟು ತಾಳ್ಮೆಯೂ ಮೇಲ್ವಿಚಾರಕರಿಗೆ ಇರಲಿಲ್ಲವೇ? ಅಧಿಕಾರಿಗಳೇ, ಆ ಹುಡುಗನಿಗೆ ಏನಾದರೂ ಆಗಿದ್ದರೆ, ಮಗನನ್ನು ಕಳೆದುಕೊಂಡ ತಾಯಿಗೆ ಹೇಳಿಕೆಯಲ್ಲಿ ಏನೆಂದು ಬರೆದು ಕೊಡುತ್ತಿದ್ದಿರಿ?

ರಭಸದ ನೀರು ಹಾಯಿಸಿ ಪೈಪ್ ತೊಳೆಯುವ ಜೆಟ್ಟಿಂಗ್ ಯಂತ್ರ ಕಳಿಸಿ, ಹೂತ ಮುಚ್ಚಳಗಳನ್ನು ಎತ್ತಿಸಿ, ಕುಸಿದ ಪೈಪ್ ಅಗೆದು ವಾಟ ಸರಿಮಾಡಿಸಿ. ಅದನ್ನು ಆ ಪೈಪ್ ಹಾಕಿದ ಗುತ್ತಿಗೆದಾರನಿಂದಲೇ ಮಾಡಿಸಿ, ಇಲ್ಲವೇ ಅವನ ಬಿಲ್ ತಡೆಯಿರಿ. ಯಾವುದೂ ಆಗದಿದ್ದರೆ ಒಳಚರಂಡಿ ಶುಲ್ಕ ಕೇಳಲು ಈ ಓಣಿಗೆ ಬರಬೇಡಿ. ನಿವಾಸಿಗಳೇ ಕಾರಣ ಎಂದ ಅಧಿಕಾರಿಗಳು ಒಮ್ಮೆ ಬೆಳಿಗ್ಗೆ ಏಳು ಗಂಟೆಗೆ ಇಲ್ಲಿಗೆ ಬಂದು ಆ ಮುಚ್ಚಳದ ಪಕ್ಕ ನಿಂತು ಅದೇ ಮಾತು ಹೇಳಲಿ. ಜನರ ತೆರಿಗೆಯಲ್ಲಿ ಸಂಬಳ ಪಡೆದು ಜನರನ್ನೇ ಬೈಯಲು ನಾಚಿಕೆಯಾಗಬೇಕು.

ಇಂತಿ,
ಒಬ್ಬ ನಿವಾಸಿ
ಕೋಡಿಬಾಗ, ಕಾರವಾರ